ಒಂಟಿ ಅಲಿಕತ್ತು

ಬೀಫಾತುಮ್ಮ ತಲೆಬಟ್ಟೆಯ ತುದಿಯ ಗಂಟು ಬಿಚ್ಚಿ
ನನ್ನ ಮಣೆಯ ಮೇಲೆ ಇಟ್ಟದ್ದು ಒಂದೇ.
"ಇದಕ್ಕೆ ಜೋಡಿ ಬೇಕು ಮೋಳೇ."
"ಇನ್ನೊಂದೆಲ್ಲಿ?"
"ಹೊಳೆಯಲ್ಲಿ."

ಕುಂಬಳೆಯ ಕಡವಿಗೆ ಸೇತುವೆ ಇಲ್ಲದ ಕಾಲ.
ತವರಿನ ಹಲಸಿನ ಸಮೇತ ದೋಣಿ ಎಡಕ್ಕೆ ವಾಲಿ
ಯಾರೋ ಕೂದಲು ಹಿಡಿದು ಎತ್ತಿದಾಗ
ಜೀವ ಪೂರ್ತಿ ಬಂತು,
ಕಿವಿ ಅರ್ಧ ಬಂತು.
ನಲವತ್ತೊಂದು ವರ್ಷ.

ತಕ್ಕಡಿಗೆ ಹಾಕಿದೆ. ಗ್ರಾಮಿನ ಬಟ್ಟಿದ್ದರೂ
ಮೊದಲು ಇಡುವುದು ಅಪ್ಪನ ಗುಲಗಂಜಿಯನ್ನೇ.
ಕಪ್ಪು ಕಣ್ಣಲ್ಲಿ ಅವು ನನ್ನ ಕೈ ನೋಡುತ್ತಿರುತ್ತವೆ.

ಅವಳಿ ಮಾಡುವುದು ಸುಲಭ.
ಪೇಟೆಯ ಗಾಜಿನಂಗಡಿಯವರು ಫೋಟೋ ಹೊಡೆದು
ತ್ರಿಶ್ಶೂರಿಗೆ ಕಳಿಸಿ ನಾಲ್ಕೇ ದಿನಕ್ಕೆ ತರಿಸುತ್ತಾರೆ.
ನನಗೊಂದು ಕೆಟ್ಟ ಚಾಳಿ:
ಕಳೆದುಹೋಯಿತು ಎಂದು ಯಾರಾದರೂ ಅಂದರೆ
ಅದೀಗ ಏನು ಮಾಡುತ್ತಿರಬಹುದು ಎಂದು ಯೋಚಿಸುವುದು.

ಇದರಿಂದ ಗಿರಾಕಿಗಳೂ ಹೋಗಿದ್ದಾರೆ.
ಆಟಿ ತಿಂಗಳಲ್ಲಿ ಪಾರೆಯ ಮೇಲೆ ಅರಳುವ ನೀಲಿ ಹೂ,
ಬೇರಲ್ಲಿ ಹುಳ ಹಿಡಿದು ತಿನ್ನುವುದು, ಅದನ್ನು
ಮದುವೆಯ ಪದಕ ಮಾಡಿ
ಎಸಳ ನಡುವೆ ಎರಡು ಹಲ್ಲಿಟ್ಟೆ.
ಮದುಮಗಳು ನಕ್ಕಳು, ಅವಳಮ್ಮ ಹಣೆ ಚಚ್ಚಿಕೊಂಡರು.
"ಚಿನ್ನ ಹಾಳುಮಾಡಬೇಡ ವಾರಿಜಾಕ್ಷಿ,"
ಅಪ್ಪ ಇದ್ದಿದ್ದರೆ ಅನ್ನುತ್ತಿದ್ದರು,
ಕುಲುಮೆಯ ಕಡೆ ಮುಖ ತಿರುಗಿಸಿಕೊಂಡು.

ಇಳಿತದ ಹೊತ್ತಿಗೆ ಅಳಿವೆಗೆ ಹೋದೆ.
ಕಾಂಡ್ಲಾ ಬೇರುಗಳು ಕೆಸರಿನಿಂದ ಬೆರಳೆತ್ತಿ
ಉಸಿರಾಡುತ್ತಿದ್ದವು.
ಮರುವಾಯಿ ಹೆಕ್ಕುವ ಹೆಂಗಸರು ಕೇಳಿದರು,
"ಏನು ಹುಡುಕುತ್ತೀರಿ?"
"ಕಿವಿ," ಎಂದೆ.
ನಗಲಿಲ್ಲ.
ಒಬ್ಬಳು ಬುಟ್ಟಿಯಲ್ಲಿ ಕೈಯಾಡಿಸಿ ನೋಡಿದಳು ಕೂಡ.

ನಲವತ್ತೊಂದು ವರ್ಷ ನೀರೊಳಗೆ ಬೆಳೆದಿದ್ದರೆ
ಹೇಗಿರುತ್ತಿತ್ತೋ ಹಾಗೆ ಮಾಡಿದೆ.
ಬಳೆಯಂಚಿಗೆ ಕಲ್ಲುಚಿಪ್ಪುಗಳನ್ನು ಕಚ್ಚಿಸಿ
ಅರಗಿನ ಮೇಲಿಟ್ಟು ಒಂದೊಂದರ ಬಾಯಿ ಕೊರೆದೆ.
ಜೋಲುವ ಎಲೆಗಳಿದ್ದಲ್ಲಿ ಕಾಂಡ್ಲಾದ ಉದ್ದ ಮೊಳಕೆಗಳು;
ಒಂದು ಎಲೆ ಮಾತ್ರ ಮೀನಾಗಲು ಹೊರಟು
ಬಾಲದ ತನಕ ಬಂದು ಮನಸ್ಸು ಬದಲಿಸಿದೆ.
ಒಳಮೈಯಲ್ಲಿ, ಕತ್ತಿನ ಚರ್ಮಕ್ಕಷ್ಟೇ ತಾಗುವಲ್ಲಿ,
ಬೆಳ್ಳಿಯ ಪುಟ್ಟ ಏಡಿ,
ಅದರ ಬೆನ್ನಿಗೆ ಮುಚ್ಚಿದ ಒಂದು ರೆಪ್ಪೆ.
ಬಿಳಿಗಾರ ಕರಗಿ ಬೆಸುಗೆಯ ಗೆರೆಗುಂಟ ಓಡುವಾಗ
ಉಬ್ಬರ ಏರಿದಂತಾಯಿತು,
ಊದುಗೊಳವೆಯಲ್ಲಿ ನನ್ನುಸಿರು ಉಪ್ಪುಪ್ಪು.
ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದೆ.
ಹಿತ್ತಿಲಿಗೆ ಚೆಲ್ಲಿದ ನೊರೆಯನ್ನು
ಬೆಕ್ಕು ಬಂದು ಬಹಳ ಹೊತ್ತು ಮೂಸಿತು.

ಹಳೆಯದಕ್ಕಿಂತ ಮೂರು ಗುಲಗಂಜಿ ಹೆಚ್ಚು ತೂಗಿತು.
ಚೀಟಿಯಲ್ಲಿ ಬರೆದೆ: ನೀರು ಕುಡಿದದ್ದು.

ಶುಕ್ರವಾರದ ನಮಾಜು ಕಳೆದ ಮೇಲೆ ಬಂದರು.
ಕನ್ನಡಕ ಏರಿಸಿ, ತಿರುವಿ, ಮತ್ತೆ ತಿರುವಿ.
ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ:
ಚಿನ್ನ ವಾಪಸ್ಸು, ಮಜೂರಿ ಬೇಡ, ಕ್ಷಮಿಸಿ.
ಅವರು ಉಗುರ ತುದಿಯಲ್ಲಿ ರೆಪ್ಪೆ ಮುಟ್ಟಿ
"ನಿದ್ದೆ ಮಾಡ್ತಾ ಉಂಟು," ಎಂದರು,
ತೊಟ್ಟಿಲ ಪಕ್ಕದ ದನಿಯಲ್ಲಿ.

ಆಮೇಲೆ ಪೇಟೆಯ ದನಿ:
"ಆದರೆ ಇದು ಎಡಗಿವಿಯದ್ದಲ್ಲವಾ?
ನೀರಿಗೆ ಹೋದದ್ದು ಬಲದ್ದು."

ಹೌದು. ಮುಂದಿದ್ದದ್ದನ್ನೇ ನೋಡಿ ಬಾಗಿಸಿದ್ದೆ,
ಕನ್ನಡಿಯಲ್ಲಿ ತಿರುಗಿಸಿಕೊಳ್ಳಲು ಮರೆತಿದ್ದೆ.
ಮಗ್ಗದಲ್ಲಿ ಕೂತ ಸೊಸೆಗೂ ಆಗದ ತಪ್ಪು.
"ಸರಿಮಾಡಿ ಕೊಡುತ್ತೇನೆ" ಎನ್ನುವಷ್ಟರಲ್ಲಿ
ಬಟ್ಟೆ ಸರಿಸಿ ಬಲಗಿವಿ ತೋರಿಸಿದರು:
ಅಂದೇ ಹರಿದದ್ದು, ಅಂಚು ಕೂಡಿ
ಗುಂಡಗೆ, ನುಣ್ಣಗೆ, ತೂತಿಲ್ಲದ ಚಿಪ್ಪು.
"ಇದಕ್ಕೆ ಏನೂ ನಿಲ್ಲುವುದಿಲ್ಲ ಮೋಳೇ.
ಹೊಳೆಗಾದರೂ ಎಡಬಲ ಯಾರು ಕಲಿಸಿದ್ದಾರೆ."

ಎರಡನ್ನೂ ಎಡಗಿವಿಗೇ ಹಾಕಿದೆ.
ಮನೆಯಲ್ಲಿ ಉಳಿದದ್ದು, ನೀರಲ್ಲಿ ಬೆಳೆದದ್ದು,
ಒಂದಕ್ಕೊಂದು ತಾಗಿ ಸಣ್ಣಗೆ ಶಬ್ದ.
ಮಾತೋ ಜಗಳವೋ, ಕೇಳುವವರು ಅವರೊಬ್ಬರೇ.

ಕಿವಿ ತಪ್ಪಿದ್ದಕ್ಕೆ ಮಜೂರಿಯಲ್ಲಿ
ಇನ್ನೂರು ಹಿಡಿದುಕೊಂಡು
ರಸ್ತೆಗಿಳಿದರು, ಸ್ವಲ್ಪ ಎಡಕ್ಕೆ ವಾಲಿ.
ತಲಪ್ಪಾಡಿ ಬಸ್ಸು ಹಾರ್ನು ಹೊಡೆಯದೆ ನಿಂತಿತ್ತು.