ಟ್ಯಾಂಕರಿನ ಐತ್ತಪ್ಪ ಹೇಳಿದ್ದು

ಏಪ್ರಿಲಿನಲ್ಲಿ ಕಾಸರಗೋಡು ಪೇಟೆಗೆ
ದಿನಕ್ಕೆ ಹನ್ನೊಂದು ಟ್ರಿಪ್ಪು.
ನೀರು ಬಾವಿಯದ್ದಲ್ಲ, ಸ್ವಾಮೀ,
ಬಾವಿ ಬರೀ ಬಾಯಿ.

ಮೇಲೆ ಪದವಿನಲ್ಲೊಂದು ಪಳ್ಳವಿತ್ತು.
ಆಟಿಯಲ್ಲಿ ಮೊಣಕಾಲುದ್ದ ನೀರು,
ಸೋಣದಲ್ಲಿ ಚಿಟಿಕೆ ಚಿಟಿಕೆ ನೀಲಿ ಹೂ, ಕಪ್ಪೆಮರಿ,
ಆಮೇಲೆ ಖಾಲಿ.
ಖಾಲಿಯೆಂದು ನಾವಂದದ್ದು.
ಮುರಕಲ್ಲು ಕುಡಿದದ್ದನ್ನೆಲ್ಲ
ತೊಟ್ಟು ತೊಟ್ಟಾಗಿ ಬೇಸಗೆಗೆ ದಾಟಿಸುತ್ತಿತ್ತು,
ಯಾರೂ ಹೇಳದೆಯೇ.

ಈಗ ಪದವನ್ನು ಮಿಷನು ಚೌಕ ಚೌಕ ಕೊಯ್ದಿದೆ.
ಅದೇ ಕಲ್ಲಿನ ಫ್ಲಾಟಿಗೆ
ನಾನು ನೀರು ಹೊಡೆಯುವುದು,
ಈಗೀಗ ಎರಡು ಊರಾಚೆಯಿಂದ.

ಜೂನಿನಲ್ಲಿ ಮೂರನೇ ಮಾಳಿಗೆಯ ನೆಬೀಸುಮ್ಮನ ಫೋನು:
"ಗೋಡೆ ಒದ್ದೆ, ಐತ್ತಪ್ಪ. ಪೈಪು ಒಡೆದಿದೆಯಾ?"

ಪೈಪಲ್ಲ.
ಕಲ್ಲಿಗೆ ಹಳೆಯ ಚಾಳಿ.
ಯಾರಿಗೋ ಎತ್ತಿಡುತ್ತಿದೆ.