ಪಡುವಣ ಗೋಡೆ

ಕಾಪು ದಾಟಿದ ಮೇಲೆ, ಕಡಲಿಗೂ ಹೊಳೆಗೂ ನಡುವೆ
ಚಾಪೆಯಗಲದ ನೆಲ. ಅದರಲ್ಲಿ ಹನ್ನೆರಡು ಮನೆ,
ಪಂಚಾಯತಿನ ನಂಬರು, ಸಿಮೆಂಟಿನ ಬ್ಲಾಕು, ಒಂದೇ ಅಚ್ಚು.
ಮೂರು ಗೋಡೆಯ ಬಗ್ಗೆ ಯಾರದೂ ದೂರಿಲ್ಲ.
ನಾಲ್ಕನೆಯದು ಪಡುವಣಕ್ಕೆ ಮುಖ ಕೊಟ್ಟು ನಿಂತದ್ದು,
ನಾಲ್ಕು ತಿಂಗಳು ನೀರು ಕುಡಿದು ಕುಡಿದು
ಒಳಗೆ ಹಸಿರು ಬೆವರುತ್ತದೆ.

ಶಮೀಮ ಮೇಡಂ ಸ್ಕೂಟರಿನಲ್ಲಿ ಬಂದರು. ಕೊಡೆಯ ತುದಿಯಿಂದ
ಮರಳಲ್ಲೇ ನಕ್ಷೆ ಎಳೆದರು:
ಅಕೇಶಿಯ ಹಲಗೆ, ಮೀನಿನ ಪೊರೆಯ ಹಾಗೆ
ಒಂದರ ಮೇಲೊಂದು ಎರಡು ಬೆರಳು ಏರಿ ಕೂರಬೇಕು;
ಹಲಗೆಗೂ ಗೋಡೆಗೂ ನಡುವೆ ಗಾಳಿಗೊಂದು ಓಣಿ.
"ಆಚಾರ್ರೇ, ಆಗ್ತದಾ?"

ಆಗದೆ ಏನು. ಮೂವತ್ತು ವರ್ಷ ಮಲ್ಪೆಯಲ್ಲಿ
ದೋಣಿಗೆ ಮೈ ಕಟ್ಟಿದವ ನಾನು. ಫೈಬರ್ ಬಂದ ಮೇಲೆ
ಉಳಿ, ಬಾಚಿ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದವ.
ನೀರನ್ನು ಒಳಗೆ ಬಿಡದ ವಿದ್ಯೆ ತಾನೇ ನನ್ನದು?
ಈಗ ನೀರು ಮೇಲಿಂದ ಬರ್ತದೆ, ಅಷ್ಟೇ.

ದೂಜಣ್ಣ ಮಾತ್ರ ಜಗಲಿಯಿಂದ ಇಳಿಯಲಿಲ್ಲ.
"ಅಪ್ಪನ ಕಾಲ ಇಡೀ ಮಡಲಿನ ತಟ್ಟಿಯ ಹಿಂದೆ ಹೋಯ್ತು.
ಆಫೀಸಿನ ಬೆಂಚು ಸವೆಸಿ ನನಗೆ ಸಿಮೆಂಟು ಬಂತು.
ಈಗ ಪುನಃ ಮರ ಹೊದೆಸುವುದಾ?
ಮಾರ್ಗದಲ್ಲಿ ಹೋಗುವವರಿಗೆ ಸಿಮೆಂಟು ಕಾಣಬೇಕು, ಮಾರಾಯ್ರೇ."
ಮೇಡಂ ಬೀಚಿನ ರೆಸಾರ್ಟಿನ ಮರದ ಗೋಡೆ ತೋರಿಸಿದರು.
"ಅವರು ಬರುವುದು ಬೇಸಿಗೆಯಲ್ಲಿ," ಎಂದ.
ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಏಪ್ರಿಲ್ ಇಡೀ ಬಡಿದೆವು. ಗೇರುಸಿಪ್ಪೆಯ ಎಣ್ಣೆ ಬಳಿದು
ಹೆಂಗಸರ ಬೆರಳು ಸುಟ್ಟು ಕಪ್ಪಾಯಿತು.
ಎಂಟು ಮನೆಗೆ ಹಲಗೆ ಮುಗಿಯಿತು. ಎರಡನೆಯ ಕಂತು
ಮಣಿಪಾಲದ ಯಾವುದೋ ಫೈಲಿನೊಳಗೆ ಮಲಗಿತು.

ಮಲ್ಪೆಗೆ ಹೋದೆ. ಒಡೆಯಲು ಬಿಟ್ಟ ದೋಣಿಯೊಂದನ್ನು
ಸೌದೆಯ ರೇಟಿಗೆ ತಂದೆ. ಹೆಬ್ಬಲಸು;
ಉಪ್ಪು ಕುಡಿದು ಕಬ್ಬಿಣವಾದ ಮರ.
ಮೊಳೆ ಕಿತ್ತಲ್ಲೆಲ್ಲ ತೂತು, ತೂತಿಗೆಲ್ಲ ಗೂಟ.
ಹನ್ನೆರಡನೆಯದು ದೂಜಣ್ಣನ ಮನೆ. ಅವನ ಗೋಡೆಗೆ
ನೀಲಿ ಬಣ್ಣದಲ್ಲಿ ದೋಣಿಯ ಅರ್ಧ ಹೆಸರು ಬಂತು:
"ಪ್ರಸಾದ". ಅದೂ ತಲೆಕೆಳಗೆ.
ಕೀಸಿ ತೆಗೆಯಲಾ, ಕೇಳಿದೆ.
"ಮುಳುಗಿದ್ದಲ್ಲ ತಾನೇ?"
ಅಲ್ಲ, ಮುದಿಯಾದದ್ದು.
"ಹಾಗಾದರೆ ಇರಲಿ. ಮಾರ್ಗದ ಮೂಲೆಯಲ್ಲಿ ಮಾತ್ರ
ಒಂದು ಮೊಳ ಬಿಡು."
ಬಿಟ್ಟೆ.

ಜುಲೈ. ನಾಲ್ಕನೆಯ ಮನೆಯ ಮುತ್ತಕ್ಕೆ
ಮಲಗುವ ಮುಂಚೆ ಅಭ್ಯಾಸಕ್ಕೆ ಗೋಡೆ ಮುಟ್ಟುತ್ತಾಳೆ,
ಜ್ವರ ನೋಡಿದ ಹಾಗೆ. ಕೈ ಒಣಗಿದೆ.
ಮೊಳೆಯ ಕ್ಯಾಲೆಂಡರು ಸುರುಳಿ ಸುತ್ತಿಲ್ಲ.
"ನಿದ್ದೆ ಮಾತ್ರ ಇಲ್ಲ, ಆಚಾರ್ರೇ. ಮೊದಲು ಮಳೆ ಒಳಗೇ ಇತ್ತು,
ಈಗ ಹೊರಗೆ ನಿಂತು ಬಾಗಿಲು ಬಡೀತದೆ."

ದೂಜಣ್ಣನ ಒಂದು ಮೊಳ ಸಿಮೆಂಟು
ಆಟಿ ಮುಗಿಯುವಷ್ಟರಲ್ಲಿ ಪಾಚಿಯಾಗಿದೆ.
ಆದಿತ್ಯವಾರ ಮೀನಿನ ಕತ್ತಿ ಹಿಡಿದು
ಕೊಡೆಯಡಿ ಕೂತು ಕೆರೆಯುತ್ತಾನೆ,
ಮಾರ್ಗದಲ್ಲಿ ಹೋಗುವವರು ಕಂಡರೆ
ತಲೆ ಎತ್ತುವುದಿಲ್ಲ.