ವರ್ಗ

ಜತ್ತದಾಗ, ಶಿಕ್ಷಕರ ಪತ್ತಿನ ಸಂಘದ ಮಾಳಿಗಿ ಮ್ಯಾಲ
ನಾಕು ಟ್ರೇ ಇಟ್ಟಾರ. ಕಿಡಕಿ ಕಡೆದ್ದು ನನ್ನದು.
ಬೇಕರಿಯಿಂದ ಕಡ ತಂದದ್ದು, ಮೂಲಿಯಾಗ ಇನ್ನೂ
ಖಾರಿ ಬಿಸ್ಕೀಟಿನ ಪುಡಿ.
ಮುನ್ನೂರ ಹನ್ನೊಂದು ಚೀಟಿ.
ನನ್ನ ಟ್ರೇದಾಗ ಇಪ್ಪತ್ತೊಂದು.

ಅದರಾಗ ಒಂದನ್ನ ಎಣಿಕಿ ಸಾಹೇಬರು ಬೆಳಕಿಗೆ ಹಿಡಿದ್ರು.
ಸಾಂಗಲಿಯಿಂದ ಬಂದವರು, ಮರಾಠಿ ಮಂದಿ.
'ಹೇ ಶೂನ್ಯ ಆಹೇ' ಅಂದ್ರು,
ಕೈ ರದ್ದಿನ ಡಬ್ಬಿ ಕಡೆ ಹೊಂಟಿತ್ತು.
'ಅಲ್ರೀ ಸಾಹೇಬ್ರ, ಅದು ಒಂದು. ಕನ್ನಡದ ಒಂದು.
ಸೊನ್ನಿ ಬಾಯಿ ಮುಚ್ಚಿರತದ,
ಒಂದರ ಬಾಯಿ ತೆರದಿರತದ.'
ಮೂವತ್ತೊಂದು ವರ್ಷ ಪಾಟಿ ಮ್ಯಾಲ ತಿದ್ದಿಸಿದ್ದು
ಅವತ್ತ ಒಂದು ಚೀಟಿ ಉಳಿಸಾಕ ಬಂತು.

ಆಮ್ಯಾಲ ಓದಿದ್ರು:
ತಾನಾಜಿ ಚವ್ಹಾಣ ನೂರ ಇಪ್ಪತ್ತೆಂಟು,
ಗುರುಪಾದ ಹತ್ತಳ್ಳಿ ನೂರ ನಾಕು,
ಇಲಾಹಿ ಮುಲ್ಲಾ ಐವತ್ತೆಂಟು,
ದಾನಮ್ಮ ಉಮರಾಣಿ, ಆತಲ್ಲ, ಹೇಳೀನಿ.
ಗೆಲ್ಲಾಕ ನೂರ ಐವತ್ತಾರು ಬೇಕು, ಯಾರಿಗೂ ಇಲ್ಲ.
ಎಲ್ಲಾರಕಿಂತ ಕೆಳಗಿದ್ದವರು ಏಳಬೇಕು.
ನಾ ಎದ್ದು ನಿಂತೆ.
'ನೀವು ಕೂಡ್ರಿ ಬಾಯಿ, ಏಳೂದು ಚೀಟಿ ಅಷ್ಟ' ಅಂದ ಜವಾನ.

ವರ್ಗ ನನಗೇನ ಹೊಸಾದಲ್ಲ.
ಸಂಖದಿಂದ ಉಮದಿಗೆ, ಉಮದಿಯಿಂದ ಬಿಳೂರಿಗೆ,
ಕೈಯಾಗ ಆದೇಶ, ಟ್ರಂಕಿನಾಗ ನಾಕು ಸೀರಿ.
ಹೋದಲ್ಲೆಲ್ಲಾ ಹುಡುಗೂರು ತಿಂಗಳಗಟ್ಟಲೆ
ಹಿಂದಿನ ಬಾಯಾರ ಹೆಸರಲೇ ನನ್ನ ಕರೀತಿದ್ದವು.
ಈಗ ಇಪ್ಪತ್ತೊಂದು ಚೀಟಿಗೆ ವರ್ಗ.
ಆದೇಶ ಅವೇ ಹೊತಗೊಂಡು ಬಂದಾವ:
ಈಕಿ ಇಲ್ಲಂದ್ರ ಅವಗ.

ಏಳು ಇಲಾಹಿ ಕಡೆ ಹೋದವು. ಹೋಗಲಿ,
ನನ್ನ ಭಾಷಣಾ ಕಡೀತನಕ ಕೇಳಿದವ ಅವನೊಬ್ಬನ.
ಹತ್ತಳ್ಳಿಗೆ ಐದು.
ಚವ್ಹಾಣಗ ಆರು!
ಯಾರವ್ವಾ ಈ ಆರು ಮಂದಿ,
ನನ್ನೂ ಒಪ್ಪಿ, ಬೆನ್ನಿಗೇ ಅವನ್ನೂ ಒಪ್ಪಿದವರು?
ಚಾ ಕೊಡೂಮುಂದ ಒಬ್ಬೊಬ್ಬರ ಮಾರಿ ನೋಡಿದೆ.
ಸಿಟ್ಟು ತರಬೇಕಂತ ಮಾಡಿದೆ, ಬರಲಿಲ್ಲ.
ಅಡಗಿಮನಿ ಒಂದು ಭಾಷಾದಾಗ,
ಪಡಸಾಲಿ ಇನ್ನೊಂದರಾಗ ಇರೂ ಮನಿ ನಂದೂ ಅಲ್ಲೇನು?

ಉಳದವು ಮೂರು. ಒಂದರ ಮುಂದ ಎರಡಿಲ್ಲ.
ಎಲ್ಲೂ ಹೋಗದವು ಅಂತ ಬ್ಯಾರೆ ರಬ್ಬರ್ ಹಾಕಿ ಇಟ್ರು.
ಮ್ಯಾಲಿಂದು, ಬಾಯಿ ತೆರದ ಆ ಒಂದು.
ನಂದು ಅದು.
ನನ್ನ ಹೆಸರಿಗೆ ನಾನ ಒಂದು ಬರದು ಪೆನ್ನ ಮುಚ್ಚಿದ್ದೆ,
ನಾ ಇಲ್ಲಂದ್ರ ಯಾರು
ಅಂತ ಕೇಳಿಕೊಂಡಿರಲೇ ಇಲ್ಲ.

ನಿಂತದ್ದು ಒಂದ ಮಾತಿಗೆ:
ಗಂಡ ಸತ್ತಾಕಿ ಸಾಲ ಕೇಳಿದ್ರ
ಇಬ್ಬರು ಗಂಡಸರ ಜಾಮೀನು ಬೇಕಂತದಲ್ಲ,
ಆ ನಿಯಮ ತೆಗೀರಿ ಅಂತ.
ಚೀಟಿ ವರ್ಗ ಆದವು.
ಆ ಮಾತು ಯಾವ ಟ್ರೇಕ್ಕ ಹೋತು?

ಮುಂದ ಇಲಾಹಿ ಎದ್ದ. ಅರವತ್ತೈದು ಚೀಟಿ,
ನನ್ನ ಏಳೂ ಮತ್ತ ಗಂಟು ಕಟ್ಟಿದವು.
ಚವ್ಹಾಣಗ ಹನ್ನೊಂದು, ಎಂಟಕ್ಕ ದಾರಿ ಇಲ್ಲ,
ಹತ್ತಳ್ಳಿಗೆ ನಾಲ್ವತ್ತಾರು, ಕೂಡಿಸಿದ್ರ ನೂರ ಐವತ್ತೈದು.
ಒಂದು ಕಡಿಮಿ.
ಯಾರೂ ನನ್ನ ಕಡೆ ನೋಡಲಿಲ್ಲ.
ನಾನ ಆ ರಬ್ಬರ್ ಕಡೆ ನೋಡಿದೆ.
ಸಾಹೇಬರು ಪುಸ್ತಕ ತಿರುವಿ ಓದಿದ್ರು:
ಇಬ್ಬರ ಉಳದ್ರ ಹೆಚ್ಚಿದ್ದವ ಗೆದ್ದಂಗ.
ಅಂದ್ರ ನನ್ನ ಆ ಒಂದು
ಬಂದಿದ್ರೂ ಅಷ್ಟ, ಬರದಿದ್ರೂ ಅಷ್ಟ.

ಗುಲಾಲ ಹಚಗೊಂಡು ಪಾವಟಗಿ ಇಳಿಯೂಮುಂದ
ಹತ್ತಳ್ಳಿ ನಿಂತು ಕೈ ಮುಗದ:
'ಬಾಯಾರ, ನಿಮ್ಮವು ಐದು ಬಂದಾವ್ರಿ ನನಗ.'
'ಬರೇ ಐದಲ್ಲೋ ಗುರುಪಾದ,
ಇಲಾಹಿ ಕೈಲೆ ಬಂದವನ್ನೂ ಹಿಡದು ಎಣಸು.
ಸೋಮವಾರ ಬರತೇನಿ.
ಆ ಜಾಮೀನಿನ ವಹಿ ತೆಗದಿಡು.'